ಮಾರಾಟದ ಖಾತೆ ಬೇರೆ, ಮಗುವಿನ ಖಾತೆ ಬೇರೆ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಪ್ರತಿ ವರ್ಷ ಈ ಸಭೆಯಲ್ಲಿ ನಾವು ಓದಿನ ಬಗ್ಗೆ ಮಾತಾಡುತ್ತೇವೆ. ಈ ಸಲ ಬ್ಯಾಂಕ್ ಖಾತೆಯ ಬಗ್ಗೆ ಮಾತಾಡಬೇಕಾಗಿದೆ. ಕಾರಣ ಹೇಳುತ್ತೇವೆ.

ಈ ವರ್ಷ ನಿಪ್ಪಾಣಿಯ ಒಂದು ಮನೆಗೆ ನಾವು ಕಳಿಸಿದ ವಿದ್ಯಾರ್ಥಿವೇತನ ಖಾತೆಗೆ ಜಮೆಯಾಯಿತು. ಆದರೆ ಕಾಲೇಜಿನ ಫೀ ಕಟ್ಟಲು ಅದನ್ನು ತೆಗೆಯಲು ಬರಲಿಲ್ಲ. ಖಾತೆಯೇ ಸ್ಥಗಿತವಾಗಿತ್ತು. ತಾಯಿ ಬೀಡಿ ಕಟ್ಟಿ ಸಂಸಾರ ನಡೆಸುವವರು. ಬಕ್ರೀದಿಗೆ ಮುಂಚೆ ಮನೆಯಲ್ಲಿ ಸಾಕಿದ ಹೋತವನ್ನು ವಾಟ್ಸಾಪ್ ಗುಂಪಿನ ಸವಾಲಿನಲ್ಲಿ ಮಾರಿದ್ದರು. ಎಲ್ಲರಿಗಿಂತ ಹೆಚ್ಚು ಕೂಗಿದವನು ರೊಕ್ಕ ಹಾಕಿದ, ಗಾಡಿ ಕಳಿಸಿ ಹೋತ ಒಯ್ದ. ರೊಕ್ಕ ನಿಜವಾಗಿಯೂ ಬಂದಿತ್ತು. ಆದರೆ ಅದು ಅವನದಾಗಿರಲಿಲ್ಲ. ಬೇರೆ ರಾಜ್ಯದ ಯಾರನ್ನೋ ಮೋಸಮಾಡಿ ತೆಗೆದದ್ದು. ಕಳಕೊಂಡವರು ದೂರು ಕೊಟ್ಟರು, ಪೊಲೀಸರು ರೊಕ್ಕದ ಜಾಡು ಹಿಡಿದರು. ಆ ಜಾಡು ಬಂದು ಮುಟ್ಟಿದ್ದು ಮಗಳ ಖಾತೆಗೆ.

ಲಿಲಾವು ನಮ್ಮೂರಿಗೆ ಹೊಸದಲ್ಲ. ತಂಬಾಕಿನ ವ್ಯಾಪಾರದಲ್ಲಿ ಬೆಳೆದ ಊರು ಇದು. ಪೇಟೆಯ ಸವಾಲಿನಲ್ಲಿ ಕೂಗುವವನು, ದಲಾಲ, ತೂಕದವನು, ಹಮಾಲ ಎಲ್ಲರೂ ಎದುರಿಗಿರುತ್ತಾರೆ. ರೊಕ್ಕ ಬಾರದಿದ್ದರೆ ಯಾರ ಅಂಗಡಿ ಮೆಟ್ಟಿಲು ಹತ್ತಬೇಕು ಎಂಬುದು ಗೊತ್ತಿರುತ್ತದೆ. ಇಂಟರ್‌ನೆಟ್ ಲಿಲಾವಿನಲ್ಲಿ ಈ ಮುಖಗಳಿಲ್ಲ. 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನು ಕೊಂಡು ನಮ್ಮ ದೇಶಕ್ಕೆ ಬಂದ ಈಬೇ ಕಂಪನಿ ಇದಕ್ಕಾಗಿಯೇ 'ಪೈಸಾಪೇ' ಎಂಬ ವ್ಯವಸ್ಥೆ ಇಟ್ಟಿತ್ತು. ಕೊಳ್ಳುವವನ ಹಣ ಮೊದಲು ಕಂಪನಿಯ ಕೈಗೆ, ಆಮೇಲೆ ಮಾರುವವನಿಗೆ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ನೇರವಾಗಿ ಖಾತೆಯಿಂದ ಖಾತೆಗೆ ಕ್ಷಣದಲ್ಲಿ ಹೋಗುತ್ತದೆ. ಅನುಕೂಲ ದೊಡ್ಡದು. ಆದರೆ ವಾಟ್ಸಾಪ್ ಗುಂಪಿನಲ್ಲಿ ಮಾರುವಾಗ ನಡುವೆ ನಿಲ್ಲುವವರು ಯಾರೂ ಇಲ್ಲ. ಅಲ್ಲಿ ನಾವೇ ದಲಾಲರು, ನಾವೇ ಕಾವಲುಗಾರರು.

ಮಾರುವವರಿಗೆ ಬೀಳುವ ಏಟು ಯಾವ ಯಾವ ಬಗೆಯದು ಎಂದು ಹೇಳುತ್ತೇವೆ.

ಮೊದಲನೆಯದು, ಸುಳ್ಳು ರಸೀದಿ. 'ಹಣ ಹಾಕಿದ್ದೇನೆ' ಎಂದು ಹಸಿರು ಗುರುತಿನ ಫೋಟೋ ಕಳಿಸುತ್ತಾರೆ. ಅಂಥ ಫೋಟೋ ತಯಾರಿಸುವ ನಕಲಿ ಆ್ಯಪ್‌ಗಳೇ ಇವೆ. ಬ್ಯಾಂಕಿನದೆಂದು ಕಾಣುವ ಎಸ್‌ಎಂಎಸ್ ಕೂಡ ನಕಲಿಯಾಗಿರಬಹುದು. ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಬಂದಂತೆ ತೋರಿಸಿ, 'ತಪ್ಪಿ ಹೆಚ್ಚು ಹೋಯಿತು, ಉಳಿದದ್ದು ವಾಪಸ್ ಹಾಕಿ ಭಾಯಿ' ಎಂದು ಅಳುತ್ತಾರೆ. ವಾಪಸ್ ಹೋಗುವುದು ನಮ್ಮ ರೊಕ್ಕ. ಆದ್ದರಿಂದ ನಮ್ಮದೇ ಆ್ಯಪ್ ತೆರೆದು, ಖಾತೆಯ ಶಿಲ್ಕು ನೋಡಿದ ಮೇಲೆಯೇ ಮಾಲು ಕೈಬಿಡಬೇಕು.

ಎರಡನೆಯದು, ಪಿನ್. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ. ಪಿನ್ ಒತ್ತುವುದು ಕೊಡುವುದಕ್ಕೆ ಅಥವಾ ಶಿಲ್ಕು ನೋಡುವುದಕ್ಕೆ. ತಾನು ಮಿಲಿಟರಿಯವನು, ಬರಲು ಆಗುವುದಿಲ್ಲ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಪಡೆಯಿರಿ ಎನ್ನುವವನು ಮೋಸಗಾರ. 2025ರ ಅಕ್ಟೋಬರ್ 1ರಿಂದ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಣ ಕೇಳುವ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐಯಲ್ಲಿ ನಿಲ್ಲಿಸಲಾಗಿದೆ. ಆದರೆ ಕ್ಯೂಆರ್ ಹಾಗೇ ಇದೆ, ಎಚ್ಚರವೂ ಹಾಗೇ ಇರಬೇಕು.

ಮೂರನೆಯದು, ಹಳೆಯ ನಾಣ್ಯ ಮತ್ತು ನೋಟು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷ ರೂಪಾಯಿ ಲಿಲಾವು ಆಗಿದೆ ಎನ್ನುತ್ತಾರೆ. ಆಮೇಲೆ ನೋಂದಣಿ, ತೆರಿಗೆ, ಕಮಿಷನ್ ಎಂದು ಮಾರುವವರಿಂದಲೇ ರೊಕ್ಕ ಕೀಳುತ್ತಾರೆ. ತನ್ನ ಹೆಸರು ಬಳಸಿ ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಮಾರುವವರು ಮುಂಗಡ ಕೊಡುವ ವ್ಯಾಪಾರ ವ್ಯಾಪಾರವೇ ಅಲ್ಲ.

ನಾಲ್ಕನೆಯದೇ ಆ ತಾಯಿಗೆ ಆದದ್ದು, ಕಳವಿನ ಹಣ. ಇದರಲ್ಲಿ ಮಾರುವವರ ತಪ್ಪು ಇರಲೇಬೇಕೆಂದಿಲ್ಲ. ಬ್ಯಾಂಕ್ ಖಾತೆಯೂ ಜಪ್ತಿ ಮಾಡಬಹುದಾದ ಆಸ್ತಿ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಆ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಲ್ಲಿದೆ. ಸಂಶಯದ ಮೊತ್ತ ಸಣ್ಣದಿದ್ದರೂ ಇಡೀ ಖಾತೆ ನಿಂತುಬಿಡುವುದುಂಟು. ಯುಪಿಐ ಮೂಲಕ ಹಣ ಪಡೆದು ಖಾತೆ ಸ್ಥಗಿತವಾದವರು ಕೇರಳದಲ್ಲಿ ಹೈಕೋರ್ಟಿಗೆ ಹೋದಾಗ, ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ ಎಂದು 2023ರಲ್ಲಿ ಆದೇಶವಾಯಿತು. ಹೀಗಾದರೆ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ದೂರಿನ ಸಂಖ್ಯೆ, ಪೊಲೀಸ್ ಠಾಣೆಯ ಹೆಸರು ಪಡೆಯಿರಿ. ಮಾರಾಟದ ಪುರಾವೆ ಕೊಟ್ಟು, ಸಂಶಯದ ಮೊತ್ತ ಬಿಟ್ಟು ಉಳಿದದ್ದನ್ನು ತೆರವು ಮಾಡಲು ಕೇಳಿರಿ.

ಪುರಾವೆ ಎಲ್ಲಿಂದ? ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂಬ ಅಪ್ಪಣೆ ಇರುವ ಸೂರಃ ಅಲ್ ಬಕರಾದ 282ನೇ ಆಯತ್ ಕುರ್‌ಆನಿನ ಅತ್ಯಂತ ಉದ್ದನೆಯ ಆಯತ್. ಆ ಪಾಠ ನಮಗೆ ಹೊಸದಲ್ಲ, ಫೋನ್ ಬಂದ ಮೇಲೆ ಮರೆತಿದ್ದೇವೆ ಅಷ್ಟೇ. ಕೊಂಡವನ ಹೆಸರು, ನಂಬರು, ಮಾಲಿನ ಫೋಟೋ, ಗಾಡಿ ನಂಬರು, ಮಾತುಕತೆ ಎಲ್ಲ ಉಳಿಸಿಕೊಳ್ಳಿ. ಕೊಂಡವನ ಹೆಸರು ಒಂದು, ರೊಕ್ಕ ಬಂದ ಖಾತೆಯ ಹೆಸರು ಇನ್ನೊಂದು ಇದ್ದರೆ ಮಾಲು ಕೊಡುವ ಮುಂಚೆ ಕೇಳಿರಿ.

ಮೋಸವಾದರೆ ನಾಚಿಕೊಂಡು ಕೂಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಾವೇ ಪಿನ್ ಕೊಟ್ಟು ಕಳಕೊಂಡರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಒಂದೊಂದು ತಾಸಿಗೂ ಬೆಲೆ ಇದೆ.

ಮಕ್ಕಳಿಗೆ ಒಂದು ಮಾತು. ಎರಡು-ಮೂರು ಸಾವಿರ ಕೊಡುತ್ತೇನೆ, ನಿನ್ನ ಖಾತೆ ಸ್ವಲ್ಪ ದಿನ ಬಳಸುತ್ತೇನೆ ಎಂದು ಯಾರಾದರೂ ಕೇಳಿದರೆ ಬೇಡ ಎನ್ನಿ. ಕಳವಿನ ಹಣ ಹಾಯುವುದು ಅಂಥ ಬಾಡಿಗೆ ಖಾತೆಗಳಲ್ಲಿಯೇ. ಪೊಲೀಸರು ಮೊದಲು ಬರುವುದು ಖಾತೆಯ ಮೇಲೆ ಹೆಸರಿದ್ದವರ ಮನೆಗೆ. ಖಾತೆ ಒಂದು ಅಮಾನತ್ತು.

ದಾನಿಗಳಿಗೆ ಲೆಕ್ಕ ಒಪ್ಪಿಸಬೇಕು. ಆ ಮಗಳ ಫೀಯನ್ನು ನಾವು ಎರಡನೇ ಸಲ, ನೇರವಾಗಿ ಕಾಲೇಜಿಗೆ ಕಟ್ಟಿದೆವು. ವರದಿಯ ಲೆಕ್ಕದಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸಿದ್ದೇವೆ. ಖಾತೆ ತೆರವಾದ ದಿನ ಹಿಂದಿರುಗಿಸುತ್ತೇನೆ ಎಂದು ತಾಯಿ ನಾವು ಕೇಳದೆಯೇ ಬರೆದುಕೊಟ್ಟಿದ್ದಾರೆ. ನಮ್ಮ ತಪ್ಪೂ ಇದೆ. ಅರ್ಜಿಯಲ್ಲಿ ಖಾತೆ ನಂಬರು ಕೇಳುತ್ತಿದ್ದೆವು, ಆ ಖಾತೆಯನ್ನು ಹೇಗೆ ಕಾಯಬೇಕು ಎಂದು ಒಂದು ದಿನವೂ ಹೇಳಿರಲಿಲ್ಲ.

ಆದ್ದರಿಂದ ಬರುವ ಸಾಲಿನ ಅರ್ಜಿದಾರರಿಗೆ ಸೂಚನೆ: ವಿದ್ಯಾರ್ಥಿಯ ಹೆಸರಿನ ಖಾತೆಯನ್ನು ವಿದ್ಯಾರ್ಥಿವೇತನಕ್ಕೆ ಮಾತ್ರ ಇಟ್ಟುಕೊಳ್ಳಿ. ಹೋತ, ಹೊಲಿಗೆ ಯಂತ್ರ, ಹಳೆಯ ಗಾಡಿ, ಏನೇ ಮಾರಿದರೂ ರೊಕ್ಕ ದೊಡ್ಡವರ ಬೇರೆ ಖಾತೆಗೆ ಬರಲಿ. ಅರ್ಜಿ ತುಂಬಲು ಬಂದಾಗ ಸಂಶಯವಿದ್ದರೆ ಫೋನ್ ತೋರಿಸಿ ಕೇಳಿರಿ, ಕೂತು ನೋಡೋಣ. ಪಿನ್ ಮಾತ್ರ ನಮಗೂ ಹೇಳಬೇಡಿ.

ಅಲ್ಲಾಹನು ನಿಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ, ದಾನಿಗಳ ದಾನವನ್ನು ಸ್ವೀಕರಿಸಲಿ, ಮಕ್ಕಳ ಓದು ನಿಲ್ಲದಿರಲಿ. ಆಮೀನ್.