ಬೆರಳಿಗೆ ಮೊದಲು, ಪಾಟಿಗೆ ಆಮೇಲೆ
(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭಾಗೃಹದಲ್ಲಿ ಪಾಲಕರಿಗಾಗಿ ಮಾಡಿದ ಭಾಷಣ)



ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡಲು ನನಗಿಂತ ಸಮರ್ಥರಾದವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆ ಕೆಲಸವನ್ನು ಅವರಿಗೆ ಬಿಟ್ಟು, ನಾನು ಹುಣಿಸೆಬೀಜ, ಚಪಾತಿಹಿಟ್ಟು, ರವೆ ಇವುಗಳ ವಿಷಯವಾಗಿ ನಾಲ್ಕು ಮಾತನ್ನು ಆಡಲು ಅಪ್ಪಣೆ ಬೇಡುತ್ತೇನೆ. ಸಂಘದ ಭಾನುವಾರದ ಕನ್ನಡ ವರ್ಗದಲ್ಲಿ ನಾಲ್ಕೈದು ವರ್ಷದ ಮಕ್ಕಳ ನಡುವೆ ಕುಳಿತುಕೊಳ್ಳುವವಳು ನಾನು. ನನ್ನ ಮಾತು ಅಡಿಗೆಮನೆಯನ್ನು ಬಿಟ್ಟು ಬಹಳ ದೂರ ಹೋಗಲಾರದು.

ಮುಂಬಯಿಯಲ್ಲಿ ನಮ್ಮ ಮಕ್ಕಳ ಸ್ಥಿತಿ ತಮಗೆ ಗೊತ್ತೇ ಇದೆ. ಮನೆಯಲ್ಲಿ ಕನ್ನಡ, ಕೆಲವರ ಮನೆಗಳಲ್ಲಿ ತುಳುವೋ ಕೊಂಕಣಿಯೋ. ಬೀದಿಯಲ್ಲಿ ಮರಾಠಿ, ಹಿಂದಿ. ಶಾಲೆಯಲ್ಲಿ ಇಂಗ್ಲಿಷು, ಅದರ ಬೆನ್ನಿಗೇ ದೇವನಾಗರಿ. ಕನ್ನಡ ಲಿಪಿಯ ಸರದಿ ಬರುವುದು ಮೂರನೆಯದಾಗಿ, ಅದೂ ಬಂದರೆ! ಇದರ ಫಲವಾಗಿ ಮಗುವಿಗೆ ಕನ್ನಡ ಕಿವಿಗೆ ಬಿದ್ದರೆ ತಿಳಿಯುತ್ತದೆ, ಕಣ್ಣಿಗೆ ಬಿದ್ದರೆ ತಿಳಿಯುವುದಿಲ್ಲ. ಊರಿನಿಂದ ಅಜ್ಜಿ ಮೊಬೈಲಿನಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದು ಕಳುಹಿಸಿದರೆ ತಾಯಿ ಅದನ್ನು ಓದಿ ಹೇಳಬೇಕು. ಕೆಲವು ಮನೆಗಳಲ್ಲಿ ಮೊಮ್ಮಗನ ಸಲುವಾಗಿ ಅಜ್ಜಿಯೇ ಕನ್ನಡವನ್ನು ಇಂಗ್ಲಿಷು ಅಕ್ಷರಗಳಲ್ಲಿ ಬರೆಯಲು ಕಲಿತಿದ್ದಾಳೆ. ಎಪ್ಪತ್ತು ವರ್ಷದವಳು ಕಲಿಯಬಲ್ಲಳು, ಐದು ವರ್ಷದವನು ಕಲಿಯಲಾರನೆಂದರೆ ನಂಬುವುದು ಹೇಗೆ?

ಕಲಿಯಬಲ್ಲನು. ಆದರೆ ನಾವು ಕಲಿಸುವ ಬಗೆಯೇನು? ಗೋಡೆಗೆ ಒಂದು ಪಟ ತೂಗುಹಾಕುತ್ತೇವೆ. ಅ ಅರಸ, ಈ ಈಟಿ, ಋ ಋಷಿ. ಈಟಿಯನ್ನು ಕಂಡ ಮಗು ಈ ಪಟ್ಟಣದಲ್ಲಿ ಯಾವುದಿದೆ? ಋಷಿಗಳ ಮಾತಂತೂ ಬೇಡ. ಆಮೇಲೆ ವಹಿಯಲ್ಲಿ ಹತ್ತು ಸಲ ತಿದ್ದಿಸುತ್ತೇವೆ. ಪೆನ್ಸಿಲನ್ನು ಸರಿಯಾಗಿ ಹಿಡಿಯಲು ಬಾರದ ಬೆರಳುಗಳಿಗೆ ಹತ್ತು ಸಲದ ತಿದ್ದುವಿಕೆ ದಂಡನೆಯಲ್ಲದೆ ಮತ್ತೇನು?

ನಮ್ಮ ಹಿರಿಯರು ಇದನ್ನು ಅರಿತಿದ್ದರು. ವಿಜಯದಶಮಿಯಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ಬರೆಸುತ್ತೇವಲ್ಲವೇ? ಹಳೆಯ ಐಗಳ ಮಠಗಳಲ್ಲಿ ಪಾಟಿಗಿಂತ ಮೊದಲು ಮರಳೇ ಇತ್ತು. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ದೇಶೀ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೂ ತಂದನು. 1797ರಲ್ಲಿ ಆ ಪ್ರಯೋಗವನ್ನು ಕುರಿತು ಪುಸ್ತಕವನ್ನೇ ಅಚ್ಚುಹಾಕಿಸಿದನು. ಅನಂತರ 1907ರಲ್ಲಿ ರೋಮ್ ನಗರದಲ್ಲಿ ಶಿಶುಮಂದಿರ ತೆರೆದ ಡಾಕ್ಟರ್ ಮಾರಿಯಾ ಮಾಂಟೆಸ್ಸೊರಿಯವರು ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ನುಣುಪು ಹಲಗೆಗೆ ಅಂಟಿಸಿ, ಮಗು ಅದರ ಮೇಲೆ ಬೆರಳೆಳೆಯುತ್ತ ಉಚ್ಚರಿಸುವಂತೆ ಮಾಡಿದರು. ಆಕೆ 1939ರಲ್ಲಿ ಮದರಾಸಿಗೆ ಬಂದು, ಯುದ್ಧ ಮುಗಿಯುವವರೆಗೂ ಈ ದೇಶದಲ್ಲೇ ಇದ್ದು ಉಪಾಧ್ಯಾಯರನ್ನು ತರಬೇತು ಮಾಡಿದರು. ನಾವೋ, ಅಕ್ಕಿಯ ತಟ್ಟೆಯನ್ನು ಆ ಒಂದು ದಿನಕ್ಕೆ ಮೀಸಲಿಟ್ಟು, ಮಾರನೆಯ ದಿನವೇ ಮಗುವಿನ ಕೈಗೆ ಮೊಬೈಲಿನ ಗಾಜನ್ನು ಕೊಡುತ್ತೇವೆ. ಗಾಜಿನ ಮೇಲೆ ಅ ಬರೆದರೂ ಕ ಬರೆದರೂ ಬೆರಳಿಗೆ ತಗಲುವುದು ಒಂದೇ ನುಣುಪು.

ಇಲ್ಲಿ ಒಂದು ಸೂಕ್ಷ್ಮವಿದೆ. ಪೇಟೆಯಲ್ಲಿ ಸಿಗುವ ಅಕ್ಷರದ ಆಟಿಕೆಗಳಲ್ಲಿ ಕಡ್ಡಿಗಳಿರುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಕಡ್ಡಿ ಒಪ್ಪುತ್ತದೆ. ನೆಟ್ಟನೆಯ ಕಂಬವೂ ತಲೆಯ ಮೇಲೆ ಗೆರೆಯೂ ಉಳ್ಳ ದೇವನಾಗರಿಗೂ ತಕ್ಕಮಟ್ಟಿಗೆ ಸಲ್ಲುತ್ತದೆ. ಕನ್ನಡದ ಅಕ್ಷರ ಕಡ್ಡಿಯ ಜಾತಿಯದಲ್ಲ, ದಾರದ ಜಾತಿಯದು. ತಾಳೆಗರಿಯ ಮೇಲೆ ಕಂಠದಿಂದ ನೇರ ಗೆರೆ ಎಳೆದರೆ ಗರಿ ಸೀಳುವುದೆಂದೇ ನಮ್ಮ ಲಿಪಿ ಗುಂಡಗಾಯಿತೆಂದು ಹೇಳುವುದುಂಟು. ನಿಜವಾದ ಕಾರಣ ಏನೇ ಇರಲಿ, ಕನ್ನಡ ಕಲಿಸುವ ತಾಯಿಗೆ ಬೇಕಾದುದು ಬಾಗುವ ವಸ್ತು: ಉಲ್ಲನ್ ದಾರ, ಚಪಾತಿಹಿಟ್ಟು, ದೀಪಾವಳಿಯಲ್ಲಿ ಚಕ್ಕುಲಿ ಒತ್ತಿ ಉಳಿದ ಹಿಟ್ಟು. ಹಿಟ್ಟನ್ನು ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿಸಿ, ಮಣೆಯ ಮೇಲೆ ರ ಮಾಡಿಸಿ. ತಲೆಕಟ್ಟಿನ ತುಂಡನ್ನು ಬೇರೆಯಾಗಿಯೇ ಮಾಡಿಸಿ ಇಡಿಸಿ. ದೇವನಾಗರಿ ರೂಢಿಯಾದ ನಮ್ಮ ಮಕ್ಕಳು ಕನ್ನಡದಕ್ಷರದ ಮೇಲೂ ಉದ್ದ ಗೆರೆ ಎಳೆಯುವ ಚಾಳಿ ಇದರಿಂದ ತಪ್ಪುತ್ತದೆ. ಇನ್ನೊಂದು ಲಾಭ ಕಾಗುಣಿತದ್ದು. ತಲೆಕಟ್ಟನ್ನು ತೆಗೆದು ಅಲ್ಲಿ ಗುಡಿಸು ಇಟ್ಟರೆ ರ ಹೋಗಿ ರಿ ಆಗುತ್ತದೆ. ತಲೆಕಟ್ಟು ಇದ್ದಂತೆಯೇ ಪಕ್ಕಕ್ಕೆ ಕೊಂಬು ಅಂಟಿಸಿದರೆ ರು. ಬಾಯಿಪಾಠದಲ್ಲಿ ತಿಂಗಳುಗಟ್ಟಲೆ ಎಳೆಯುವ ಸಂಗತಿ ಹಿಟ್ಟಿನಲ್ಲಿ ಒಂದು ಸಂಜೆಯಲ್ಲಿ ಕಣ್ಣಿಗೆ ಕಟ್ಟುತ್ತದೆ.

ಪರಾತದಲ್ಲಿ ರವೆ ಹರಡಿ ಬರೆಸುವಾಗ, ಬೆರಳು ಎಲ್ಲಿಂದ ಹೊರಡಬೇಕೋ ಅಲ್ಲಿ ಒಂದು ಕುಂಕುಮದ ಬೊಟ್ಟು ಇಡಿ. ಹುಣಿಸೆಬೀಜ ಜೋಡಿಸುವ ಆಟವೂ ಒಳ್ಳೆಯದೇ. ಆದರೆ ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಹತ್ತಿರವಿದ್ದರೆ ಬೇಡ, ಬೀಜ ಮೂಗಿಗೆ ಹೋಗಲು ಕ್ಷಣ ಸಾಕು.

ಯಾವ ಅಕ್ಷರ ಮೊದಲು? ವರ್ಣಮಾಲೆ ನಲವತ್ತೊಂಬತ್ತು ಅಕ್ಷರಗಳ ಸುಂದರವಾದ ಕ್ರಮ. ಹಾಡಿನಂತೆ ಬಾಯಿಗೆ ಬರಲಿ, ಮುಂದೆ ನಿಘಂಟು ನೋಡಲು ಬೇಕೇ ಬೇಕು. ಕೈಗೆ ಮಾತ್ರ ಬೇರೆ ಕ್ರಮವಿರಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾಗಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರ, ಅಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ! ಮೊದಲ ವಾರದಲ್ಲಿಯೇ ಮಗು ಓದುತ್ತದೆ. ಓದಿದೆನೆಂಬ ಆ ಹೆಮ್ಮೆ ಬಂದ ಮಗುವನ್ನು ಎರಡನೆಯ ವಾರಕ್ಕೆ ಕರೆತರಲು ಚಾಕಲೇಟು ಬೇಕಿಲ್ಲ.

ಕಿವಿಯನ್ನು ಮರೆಯಬಾರದು. ಮರಾಠಿ, ಹಿಂದಿಗಳ ಬರಹದಲ್ಲಿ ಎ-ಏಗಳಿಗೆ ಒಂದೇ ಗುರುತು, ಒ-ಓಗಳಿಗೂ ಒಂದೇ. ಆದ್ದರಿಂದ ಬೆಳೆ ಯಾವುದು, ಬೇಳೆ ಯಾವುದು ಎಂಬುದು ನಮ್ಮ ಮಕ್ಕಳಿಗೆ ಗೊಂದಲ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು ಹೊಡೆಸಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬ ಛಂದಸ್ಸಿನ ಲೆಕ್ಕವೂ ಇದೇ ತಾನೇ? ದಿಲ್ಲಿಯ ಕನ್ನಡಿಗರಿಗೆ ಕಷ್ಟ ಇನ್ನೂ ಒಂದು ಹೆಚ್ಚು. ಹಿಂದಿಯ ನಡುವೆ ಬೆಳೆದ ಮಗುವಿನ ನಾಲಗೆಗೆ ಳ ಹೊರಳದೆ, ರಜೆಗೆ ಅದು ಹಳ್ಳಿಗೆ ಹೋಗುವ ಬದಲು ಹಲ್ಲಿಗೆ ಹೋಗುತ್ತದೆ. ಮಹಾಪ್ರಾಣಕ್ಕಾದರೋ, ತುಟಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದು ಕ ಎನ್ನಿಸಿ, ಖ ಎನ್ನಿಸಿ; ಖ ಎಂದಾಗ ಕಾಗದ ಹಾರುವುದನ್ನು ಮಗುವೇ ನೋಡಲಿ. ಈ ವಿಷಯದಲ್ಲಿ ಮರಾಠಿಯ ನೆರೆ ನಮಗೆ ಉಪಕಾರವನ್ನೇ ಮಾಡಿದೆ ಎನ್ನಬೇಕು.

ಮೂಗಿಗೂ ಪಾಠವುಂಟು. ಮಸಾಲೆ ಡಬ್ಬಿ ತೆಗೆದು, ಕಣ್ಣು ಮುಚ್ಚಿಸಿ ಮೂಸಿಸಿ: ಇಂಗು, ಏಲಕ್ಕಿ, ಲವಂಗ. ಹೆಸರಿನ ಮೊದಲ ಅಕ್ಷರವನ್ನು ಮಗು ರವೆಯಲ್ಲಿ ಬರೆಯಲಿ. ಈಟಿಗಿಂತ ಇಂಗು ನಮ್ಮ ಮನೆಯ ವಸ್ತು.

ಇಷ್ಟಕ್ಕೆಲ್ಲ ವೇಳೆಯೆಲ್ಲಿ ಎಂದು ಲೋಕಲ್ ಗಾಡಿಯಲ್ಲಿ ನಿಂತು ಬರುವ ತಾಯಂದಿರು ಕೇಳಬಹುದು, ನ್ಯಾಯವಾದ ಪ್ರಶ್ನೆ. ಬೇರೆ ವೇಳೆ ಬೇಡ. ಹೇಗೂ ರಾತ್ರಿ ಚಪಾತಿ ಲಟ್ಟಿಸುವಿರಿ. ಒಂದು ಉಂಡೆ ಹಿಟ್ಟು ಮಗುವಿಗೆ, ಹತ್ತು ನಿಮಿಷ, ಒಂದೇ ಅಕ್ಷರ. ತಂದೆಯವರೂ ಹಿಟ್ಟು ಹೊಸೆಯಬಹುದು, ಅದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಸಭಾಗೃಹದಲ್ಲಿ ವರ್ಗವಿದೆ. ಮಕ್ಕಳ ಜೊತೆ ಪಾಲಕರೂ ನೆಲದ ಮೇಲೆ ಕೂರಬೇಕಾಗುವುದು. ಬರುವಾಗ ಅಂಚಿರುವ ಒಂದು ತಟ್ಟೆ, ಒಂದು ಹಿಡಿ ರವೆ, ಹಳೆಯ ಉಲ್ಲನ್ ಉಂಡೆಯಿದ್ದರೆ ಅದನ್ನೂ ತನ್ನಿರಿ. ಉಪ್ಪುಕಾಗದವನ್ನು ಸಂಘದವರು ತರಿಸಿಟ್ಟಿದ್ದಾರೆ. ಕತ್ತರಿ ಮಾತ್ರ ಎರಡೇ ಇವೆ.