ಒಂದು ಟಿಕ್ಕಿನ ಅರ್ಥ

(ಅಚ್ಯುತಾಪುರಂನಲ್ಲಿ ಸೇರಿದ ಹೋಟೆಲು ಮತ್ತು ಕ್ಯಾಂಟೀನು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ಕೈ ತೊಳೆದ ನೀರು ಆರುವ ಮೊದಲೇ ತಾವು ಬಂದು ಕುಳಿತಿದ್ದೀರಿ. ವಿಶಾಖಪಟ್ಟಣದ ಹೋಟೆಲುಗಳಿಂದ ಬಸ್ಸು ಹಿಡಿದು ಬಂದವರೂ ಇದ್ದಾರೆ. ಆದುದರಿಂದ ಉದ್ದದ ಪೀಠಿಕೆ ಬೇಡ. ಸಂಬಳ, ರಜೆ, ಪಿ.ಎಫ್. ಎಂದು ಮಾತನಾಡಬೇಕಾದ ಸಂಘದವನು ವಾಟ್ಸಾಪು ಏಕೆ ಕೆಡುತ್ತದೆಂದು ಹೇಳಲು ನಿಂತಿದ್ದಾನಲ್ಲಾ ಎಂದು ಕೆಲವರಿಗೆ ನಗು ಬರಬಹುದು. ನಗಲಿ. ಆದರೆ ನಾಳೆಯ ಪಾಳಿ ಯಾವುದೆಂದು ತಿಳಿಯುವುದು ಅದರಲ್ಲಿ. ಮೇಸ್ತ್ರಿ "ಇವತ್ತು ಎರಡು ಗಂಟೆ ಹೆಚ್ಚು ನಿಲ್ಲು" ಎಂದು ಬರೆಯುವುದು ಅದರಲ್ಲಿ. ಕುಂದಾಪುರದ ಕಡೆಯ ತಾಯಿ ಮಗನ ದನಿ ಕೇಳುವುದೂ ಅದರಲ್ಲಿಯೇ. ಹೀಗಿರುವಾಗ ಇದು ಸಂಘದ ವಿಷಯವಲ್ಲದೆ ಮತ್ತಾರ ವಿಷಯ?

2024ರ ಆಗಸ್ಟ್ 21ರ ಮಧ್ಯಾಹ್ನ ಇದೇ ಕೈಗಾರಿಕಾ ವಲಯದ ಎಸೆನ್ಷಿಯಾ ಔಷಧ ಕಾರ್ಖಾನೆಯಲ್ಲಿ ಸ್ಫೋಟವಾಗಿ 17 ಮಂದಿ ಸತ್ತರು. ಅಂಥ ದಿನ ಊರಿನಲ್ಲಿರುವವರಿಗೆ ಕಾರ್ಖಾನೆಯ ಹೆಸರು ಮುಖ್ಯವಲ್ಲ. ಟಿ.ವಿ.ಯಲ್ಲಿ "ಅಚ್ಯುತಾಪುರಂ" ಎಂಬ ಹೆಸರು ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. "ಹುಷಾರಿದ್ದೀಯಾ ಮಗಾ?" ಎಂದು ಕಳಿಸಿದ ಮೆಸೇಜಿಗೆ ಒಂದೇ ಟಿಕ್ಕು ಬಿದ್ದು ನಿಂತರೆ ಆ ಮನೆಯಲ್ಲಿ ಆ ರಾತ್ರಿ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ. ಆ ಟಿಕ್ಕಿನ ಅರ್ಥವನ್ನು ನಾವೂ ತಿಳಿಯಬೇಕು, ಮನೆಯವರಿಗೂ ತಿಳಿಸಬೇಕು.

ನಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಮಾಣಿ ಗಿರಾಕಿಯಿಂದ ಆರ್ಡರು ಕೇಳಿಕೊಂಡು ಇನ್ನೂ ಮೇಜಿನ ಬಳಿಯೇ ನಿಂತಿದ್ದಾನೆ. ಅದು ಗಡಿಯಾರದ ಗುರುತು. ಮೆಸೇಜು ನಿಮ್ಮ ಫೋನನ್ನೇ ಬಿಟ್ಟಿಲ್ಲ. ಚೀಟಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಅದು ಒಂದು ಟಿಕ್ಕು. ಮೆಸೇಜು ಕಂಪೆನಿಯ ಸರ್ವರಿಗೆ ಹೋಗಿದೆ, ಆಚೆಯವರ ಫೋನಿಗೆ ಮುಟ್ಟಿಲ್ಲ. ಭಟ್ಟರ ಕೈಗೆ ಚೀಟಿ ಬಂದರೆ ಎರಡು ಟಿಕ್ಕು. ಭಟ್ಟರು ಅದರ ಮೇಲೆ ಕಣ್ಣಾಡಿಸಿದರೆ ನೀಲಿ. ಕಣ್ಣಾಡಿಸಿಯೂ ಭಟ್ಟರು ಸುಮ್ಮನಿದ್ದರೆ ಅದಕ್ಕೆ ಫೋನಿನಲ್ಲಿ ಮದ್ದಿಲ್ಲ! ನೀಲಿ ಬಣ್ಣ ತೋರದಂತೆ ಮಾಡಿಕೊಳ್ಳಲೂ ಬರುತ್ತದೆ. ಆದುದರಿಂದ ನೀಲಿ ಬೀಳಲಿಲ್ಲವೆಂದು ಯಾರ ಮೇಲೂ ಮುನಿಸು ಬೇಡ.

ಇದರಿಂದ ತಿಳಿಯುವುದೇನು? ಗಡಿಯಾರ ಕಂಡರೆ ದೋಷವನ್ನು ನಿಮ್ಮ ಕಡೆ ಹುಡುಕಿ. ಒಂದು ಟಿಕ್ಕಾದರೆ ಆಚೆ ಕಡೆ: ಅವರ ಫೋನು ಆರಿರಬಹುದು, ನೆಟ್ಟು ಇಲ್ಲದಿರಬಹುದು, ನಿಮ್ಮನ್ನು ಬ್ಲಾಕ್ ಮಾಡಿರಲೂಬಹುದು. ರಸಾಯನ ಕಾರ್ಖಾನೆಗಳಲ್ಲಿ ಬಹಳ ಕಡೆ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಎಂಟು ಗಂಟೆ ಒಂದೇ ಟಿಕ್ಕು ಬೀಳುವುದಕ್ಕೆ ಇದೇ ಕಾರಣವಾಗಿರಬಹುದೆಂದು ಮನೆಯವರಿಗೆ ಮೊದಲೇ ಹೇಳಿಡಿ. ಮುಟ್ಟದ ಮೆಸೇಜು ಸರ್ವರಿನಲ್ಲಿ 30 ದಿನ ಕಾದಿರುತ್ತದೆ, ಆಮೇಲೆ ಅಳಿದುಹೋಗುತ್ತದೆ.

ಗಡಿಯಾರ ನಿಂತೇ ಇದ್ದರೆ ಮೊದಲು ಬೇರೆ ಯಾವುದಾದರೂ ಪುಟ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ವಾಟ್ಸಾಪನ್ನು ಬೈಯಬೇಡಿ. ರೀಚಾರ್ಜು ಮುಗಿದಿದೆಯೇ ನೋಡಿ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಕ್ಯಾಂಟೀನಿನ ವೈಫೈ ಗೆರೆಗಳನ್ನೆಲ್ಲ ತುಂಬ ತೋರಿಸುತ್ತದೆ, ಒಳಗೆ ನೆಟ್ಟು ಇರುವುದಿಲ್ಲ. ಅದನ್ನು ಆರಿಸಿ ಸಿಮ್ಮಿನ ನೆಟ್ಟಿನಲ್ಲಿ ನೋಡಿ. ಫೋನಿನ ತಾರೀಕು, ಗಂಟೆ ತಪ್ಪಿದ್ದರೂ ಸಂಪರ್ಕ ಸಿಗುವುದಿಲ್ಲ. ಕೆಲವೊಮ್ಮೆ ಕಂಪೆನಿಯದೇ ಯಂತ್ರ ನಿಲ್ಲುವುದುಂಟು: 2021ರ ಅಕ್ಟೋಬರ್ 4ರಂದು ಜಗತ್ತಿನಾದ್ಯಂತ ಸುಮಾರು ಆರು ಗಂಟೆ, 2022ರ ಅಕ್ಟೋಬರ್ 25ರಂದು ಸುಮಾರು ಎರಡು ಗಂಟೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಫೋನು ಬಿಚ್ಚಿ ಕೂರದೆ ಹಳೆಯ ಎಸ್.ಎಂ.ಎಸ್. ಕಳಿಸಿ. ಅದಕ್ಕೆ ನೆಟ್ಟು ಬೇಡ.

ಇನ್ನು ಕೆಲವರ ದೂರು ಬೇರೆ: "ನಾನು ತೆರೆದಾಗ ಮಾತ್ರ ಹತ್ತು ಮೆಸೇಜು ಒಟ್ಟಿಗೆ ಬಂದು ಬೀಳುತ್ತವೆ." ಬ್ಯಾಟರಿ ಉಳಿಸುವುದಕ್ಕಾಗಿ ಫೋನೇ ವಾಟ್ಸಾಪನ್ನು ಮಲಗಿಸಿರುತ್ತದೆ. ಸೆಟ್ಟಿಂಗಿನಲ್ಲಿ ಆಪ್‌ಗಳ ಪಟ್ಟಿಗೆ ಹೋಗಿ, ವಾಟ್ಸಾಪಿನ ಬ್ಯಾಟರಿ ಎಂಬಲ್ಲಿ ನಿರ್ಬಂಧ ತೆಗೆಯಿರಿ. ಹಿನ್ನೆಲೆಯ ಡೇಟಾಕ್ಕೂ ಅನುಮತಿ ಕೊಡಿ. ಪಾಳಿ ಬದಲಾದದ್ದು ಮರುದಿನ ತಿಳಿದು ಅರ್ಧ ದಿನದ ಸಂಬಳ ಕಳೆದುಕೊಳ್ಳುವುದು ಈ ಚಿಕ್ಕ ಗುಂಡಿಯಿಂದ. ಫೋಟೋ ಇಳಿಯದಿದ್ದರೆ ಜಾಗ ತುಂಬಿದೆ ಎಂದು ತಿಳಿಯಿರಿ. ದಿನ ಬೆಳಗಾದರೆ ಬರುವ ಹೂವು, ದೇವರು, ಶುಭೋದಯಗಳಿಗೆ ಕೈ ಮುಗಿದು ಅಳಿಸಿಬಿಡಿ.

ಈಗ ಮುಖ್ಯ ಮಾತು. ನಮ್ಮ ಕ್ಯಾಂಟೀನಿನ ಸಂಗಾತಿಯೊಬ್ಬನ ಫೋನು ಹೀಗೆಯೇ ತಕರಾರು ಮಾಡಿತು. ಅಂಗಡಿಯವನೊಬ್ಬ ಮುನ್ನೂರು ರೂಪಾಯಿ ಇಸಿದುಕೊಂಡು ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿ ಕೊಟ್ಟ. ಫೋನು ಸರಿಯಾಯಿತು. ಆದರೆ ಹೆಚ್ಚು ಹೊತ್ತು ದುಡಿಸಿದ ಮೂರು ತಿಂಗಳ ಮೆಸೇಜು, ಹಾಜರಿ ಪುಸ್ತಕದ ಫೋಟೋ, ಎಲ್ಲವೂ ಹೋಯಿತು. ಲೆಕ್ಕ ಕೇಳಲು ಹೋದಾಗ ಗುತ್ತಿಗೆದಾರ, "ಯಾವಾಗ ಹೇಳಿದೆ? ತೋರಿಸು" ಎಂದ. ತೋರಿಸಲು ಏನೂ ಇರಲಿಲ್ಲ. ಆ ದುಡ್ಡು ಇಂದಿಗೂ ಬಂದಿಲ್ಲ.

ಆದುದರಿಂದ ಹೇಳುತ್ತೇನೆ: ಫೋರ್ಸ್ ಸ್ಟಾಪ್ ಒತ್ತಬಹುದು, ಕ್ಯಾಶೆ ಅಳಿಸಬಹುದು, ಅದರಿಂದ ಮಾತುಗಳು ಹೋಗುವುದಿಲ್ಲ. "ಡೇಟಾ ಅಳಿಸು" ಎಂಬುದನ್ನು ಮಾತ್ರ ಮುಟ್ಟಬೇಡಿ. ಬ್ಯಾಕಪ್ ಇಲ್ಲದೆ ಆಪನ್ನು ತೆಗೆದುಹಾಕಲೂಬೇಡಿ. ಮೇಸ್ತ್ರಿಯ ಜೊತೆಗಿನ ಮಾತನ್ನು ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಕಡೆ ಇಡಿ. ಇನ್ನೊಂದು ಸೂಕ್ಷ್ಮವಿದೆ. ಮೆಸೇಜು ತಾನಾಗಿ ಮಾಯವಾದರೆ ಅದು ಫೋನಿನ ರೋಗವಲ್ಲದಿರಬಹುದು. 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾಯವಾಗುವಂತೆ ಗುಂಪನ್ನು ಯಾರೋ ಇಟ್ಟಿರಬಹುದು. ಕಳಿಸಿದವನು ಎರಡು ದಿನ ದಾಟಿದ ಮೇಲೂ ಎಲ್ಲರ ಫೋನಿನಿಂದ ಅಳಿಸಲು ಸಾಧ್ಯವಿದೆ. ದುಡಿಮೆಯ ಮಾತು ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ.

ಸಿಮ್ಮಿನ ಮಾತೊಂದು. ಊರಿನ ನಂಬರಿನಲ್ಲಿ ವಾಟ್ಸಾಪು, ಆಂಧ್ರದ ನಂಬರಿನಲ್ಲಿ ನೆಟ್ಟು. ಹೀಗೆ ಎರಡಿಟ್ಟುಕೊಂಡು ಊರಿನದಕ್ಕೆ ರೀಚಾರ್ಜು ಮಾಡದವರು ನಮ್ಮಲ್ಲಿ ಬಹಳ. ಫೋನು ಬದಲಿಸಿದ ದಿನ ಆರಂಕಿಯ ಕೋಡು ಬರುವುದು ಆ ಸತ್ತ ನಂಬರಿಗೆ. ರದ್ದಾದ ನಂಬರು ಮುಂದೆ ಬೇರೆಯವರಿಗೂ ಹೋಗುತ್ತದೆ. ನೋಂದಾಯಿಸಿದ ಸಿಮ್ಮು ಫೋನಿನಲ್ಲಿ ಇರಲೇಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ಇಂಥ ಕಂಪೆನಿಗಳಿಗೆ ಆದೇಶವನ್ನೂ ಹೊರಡಿಸಿತು. ಒಂದೋ ಆ ಸಿಮ್ಮನ್ನು ಜೀವಂತ ಇಡಿ, ಇಲ್ಲವೇ ವಾಟ್ಸಾಪಿನೊಳಗೇ ನಂಬರು ಬದಲಿಸಿ. ಆ ಆರಂಕಿಯನ್ನು ಯಾರು ಕೇಳಿದರೂ ಕೊಡಬೇಡಿ. "ನಾನು ಸಂಘದವನು" ಎಂದರೂ ಕೊಡಬೇಡಿ. ಮೋಸ ಹೋಗಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಪ್ರತಿ ಕೊಠಡಿಯವರೂ ಮನೆಯ ಎರಡು ನಂಬರುಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಬ್ಯಾಟರಿ ಸತ್ತಾಗ ನೆನಪಿನಲ್ಲಿ ಒಂದು ನಂಬರೂ ಇರುವುದಿಲ್ಲ. ಸಂಘಕ್ಕೂ ಒಂದು ಪ್ರತಿ ಕೊಡಿ.

ಇನ್ನು ಫೋನು ಕೆಟ್ಟವರು ಈ ಮೇಜಿನ ಹತ್ತಿರ ಬನ್ನಿ. ಚಾರ್ಜರು ತಂದಿದ್ದೇನೆ. ಪಾಸ್‌ವರ್ಡು ಮಾತ್ರ ನನಗೆ ಹೇಳಬೇಡಿ, ನೀವೇ ಒತ್ತಿ.