ಮೂರನೇ ಗೋಣಿಚೀಲ

ಇವತ್ತು ನಾನು ಮಾತಾಡೋದು ಸಂಗೀತದ ಬಗ್ಗೆ ಅಲ್ಲ, ಸಂಗೀತ ನುಡಿಸೋರು ಕೂತ್ಕೊಳ್ಳೋ ಸ್ಟೂಲಿನ ಬಗ್ಗೆ. ನಗಬೇಡಿ. ಹುಡುಗನಾಗಿದ್ದಾಗಿಂದ ತಲೇಲಿ ಕೂತಿರೋ ವಿಷಯ ಇದು. ಮೊನ್ನೆ ಬೆಂಗಳೂರಲ್ಲಿ ಮಗಳ ಮನೇಲಿ ಮತ್ತೆ ಎದ್ದು ಬಂತು.

ಮೊಮ್ಮಗಳು ಪಿಯಾನೊ ಕಲೀತಾಳೆ. ಅದಕ್ಕೊಂದು ಬೆಂಚು ತರಿಸಿದ್ದಾರೆ. ಮೇಲೆ ಕಪ್ಪು ರೆಕ್ಸಿನ್ ಮೆತ್ತೆ, ಎರಡು ಪಕ್ಕದಲ್ಲೂ ಒಂದೊಂದು ನಾಬು. ತಿರುಗಿಸಿದರೆ ಒಳಗೆ ಕತ್ತರಿ ಹಾಗೆ ಹೆಣೆದ ಕಬ್ಬಿಣದ ಪಟ್ಟಿಗಳು ನೆಟ್ಟಗಾಗ್ತಾ ಮೆತ್ತೇನ ಮೇಲೆತ್ತುತ್ತವೆ. ಕೂತಲ್ಲೇ ಕೂತು ತಿರುಗಿಸಬಹುದು, ಮೈಭಾರಕ್ಕೆ ಸ್ವಲ್ಪ ಬಿಗಿ ಅಷ್ಟೇ. ಮೊಣಕೈ ಪಿಯಾನೊ ಕೀಗಳ ಮಟ್ಟಕ್ಕೆ ಬರಬೇಕು, ಪೂರ್ತಿ ಹಿಂದಕ್ಕೆ ಸರಿಯದೆ ಮುಂದಿನ ಅರ್ಧದಲ್ಲೇ ಕೂರಬೇಕು ಅಂತ ಮೊಮ್ಮಗಳು ನನಗೇ ಪಾಠ ಮಾಡಿದಳು.

ಆ ಪಾಠ ಹಳೇದು. ಫ್ರಾನ್ಸಿನ ಫ್ರಾಂಸ್ವಾ ಕೂಪರಾಂ 1716ರಲ್ಲಿ, ಪಿಯಾನೊಗಿಂತ ಮುಂಚಿನ ಹಾರ್ಪ್ಸಿಕಾರ್ಡ್ ನುಡಿಸೋದು ಹೇಗೆ ಅಂತ ಒಂದು ಪುಸ್ತಕ ಬರೆದ. ಮೊಣಕೈ, ಮಣಿಕಟ್ಟು, ಬೆರಳು ಒಂದೇ ಮಟ್ಟದಲ್ಲಿರೋ ಹಾಗೆ ಕುರ್ಚಿ ಆರಿಸ್ಕೊಳ್ಳಿ, ಚಿಕ್ಕ ಮಕ್ಕಳಾದರೆ ಕಾಲಡಿಗೆ ಏನಾದರೂ ಇಡಿ ಅಂತ ಅದರಲ್ಲೇ ಹೇಳಿದಾನೆ. ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಪಿಯಾನೊ ಇರೋ ಮನೆಮನೆಗೂ ದುಂಡು ಸ್ಟೂಲು ಬಂತು. ನಡುವೆ ದಪ್ಪ ತಿರುಪು. ಎದ್ದು ನಿಂತು ತಿರುಗಿಸಿ, ಕೂತು ನೋಡಿ, ಮತ್ತೆ ಎದ್ದು ತಿರುಗಿಸಬೇಕು. ತಿರುಪಿನ ಮರೆ ಸವೆದರೆ ಕೂತವರು ತೂಗಾಡಬೇಕು. ಮಕ್ಕಳಿಗಂತೂ ಅದು ಜಾತ್ರೆ ತೊಟ್ಟಿಲು.

ನಮ್ಮ ಸೀಮೆಯಲ್ಲಿ ಪಿಯಾನೊ ಅಂದ್ರೆ ಮೈಸೂರು ಅರಮನೆ. ಜಯಚಾಮರಾಜ ಒಡೆಯರು ಒಳ್ಳೇ ಪಿಯಾನೊ ವಾದಕರಾಗಿದ್ದರು. ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪು, ಕಾಯಿಲೆಯಲ್ಲಿದ್ದಾಗ ಅವನ ಕೃತಿಗಳ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು ಅವರೇ. ಅವನು ತನ್ನ ಮೂರನೇ ಪಿಯಾನೊ ಕನ್ಚರ್ಟೊ ಅವರಿಗೇ ಅರ್ಪಿಸಿದ. ಅದು ದೊಡ್ಡವರ ಕಥೆ. ಬೋರನಕಣಿವೆ ಡ್ಯಾಮಿನ ಕೆಳಗಿನ ನಮ್ಮ ಹಳ್ಳಿಗಳಿಗೆ ಬಂದದ್ದು ಪಿಯಾನೊ ಅಲ್ಲ, ಅದರ ಬಡ ನೆಂಟ ಹಾರ್ಮೋನಿಯಂ.

1842ರಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಪೇಟೆಂಟ್ ಮಾಡಿಸಿದ ಪೆಟ್ಟಿಗೆ ಇದು. ಕಾಲಲ್ಲಿ ತುಳಿದು ಗಾಳಿ ತುಂಬೋದು. ಕಲ್ಕತ್ತದ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು ಕೈಪೆಟ್ಟಿಗೆ ಮಾಡಿ ನೆಲಕ್ಕಿಳಿಸಿದರು. ಭಜನೆಯವರು ಅದನ್ನು ಹಿಡಿದರು, ನಾಟಕದವರು ಲೆಗ್ ಹಾರ್ಮೋನಿಯಂ ಬಿಡಲಿಲ್ಲ, ಎರಡು ಕೈಯೂ ಬಿಡುವಾಗಿರುತ್ತೆ ನೋಡಿ. 1884ರಲ್ಲಿ ನಮ್ಮ ಪಕ್ಕದ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲಕ್ಕೆ ಕುರುಕ್ಷೇತ್ರ ನಾಟಕದಲ್ಲಿ ಸ್ಟೇಜಿಗೆ ನಿಜವಾದ ಆನೆಯೇ ಬಂತು. ಆ ಆನೆ ವಿಷಯ ಎಲ್ಲರೂ ಹೇಳ್ತಾರೆ. ಹಾರ್ಮೋನಿಯಂ ಮೇಷ್ಟ್ರು ಯಾವುದರ ಮೇಲೆ ಕೂತಿದ್ದರು ಅಂತ ಒಬ್ಬರೂ ಹೇಳಲ್ಲ. ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್‌ನಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ ಹೊರಗೆ ಹಾಕಿತ್ತು, ಮತ್ತೆ ಬಾಗಿಲು ತೆಗೆದದ್ದು 1971ಕ್ಕೆ. ಹಳ್ಳಿಯವರು ಅದನ್ನೆಲ್ಲ ಕೇಳಿಸಿಕೊಳ್ಳಲೂ ಇಲ್ಲ. ಅಷ್ಟೂ ವರ್ಷ ಮೇಷ್ಟ್ರು ತುಳೀತಾನೇ ಇದ್ದರು.

ಈಗ ನಮ್ಮೂರ ಮೇಷ್ಟ್ರಿಗೆ ಬರ್ತೀನಿ. ತಿಪಟೂರು ಕಡೆಯವರು. ಕುರುಕ್ಷೇತ್ರ ಕಲಿಸೋದಕ್ಕೆ ಬಂದು ಮೂರು ತಿಂಗಳು ನಮ್ಮಲ್ಲೇ ಇದ್ದರು. ಕುಳ್ಳು ಆಳು, ಬಿಳೀ ಜುಬ್ಬ, ಎಲೆಅಡಿಕೆ. ಪೆಟ್ಟಿಗೆ ಗಾಡಿಯಿಂದ ಇಳಿಸಿದ ದಿನ ಅದರ ಮುಚ್ಚಳಾನೂ ತೆಗೀಲಿಲ್ಲ. “ಗೌಡ್ರೇ, ಪೆಟ್ಟಿಗೆ ಆಮೇಲೆ ನೋಡಾಣ. ಕೂರಕ್ಕೆ ಏನೈತೆ ತೋರ್ಸಿ” ಅಂದರು. ಸ್ಕೂಲಿನ ಕುರ್ಚಿ ತಂದರು, ಅದರ ಕೈಗಳು ಮೊಣಕೈಗೆ ಅಡ್ಡ ಬಂದವು. ಮನೆಯಿಂದ ಹಲಸಿನ ಮರದ ಸ್ಟೂಲು ತಂದೆವು, ಅದು ತಗ್ಗು.

ತಗ್ಗಾದರೆ ಏನಾಗುತ್ತೆ ಗೊತ್ತಾ? ಮಂಡಿ ಮೇಲೆದ್ದು ನಿಲ್ಲುತ್ತೆ, ತುಳಿತ ಅರ್ಧಕ್ಕೇ ನಿಲ್ಲುತ್ತೆ, ಕೃಷ್ಣ ಎಳೆದು ಹಾಡೋ ಹೊತ್ತಿಗೆ ಪೆಟ್ಟಿಗೇಲಿ ಗಾಳಿ ಇಲ್ಲ. ಎತ್ತರವಾದರೆ ತುದಿಗಾಲಲ್ಲಿ ತುಳೀಬೇಕು, ನಡುರಾತ್ರಿಗೆ ಮೀನಖಂಡ ಹಿಡ್ಕೊಳ್ಳುತ್ತೆ. ಪಿಯಾನೊದವರಿಗೆ ಕೈ ಲೆಕ್ಕ ಮುಖ್ಯ. ಇವರಿಗೆ ಕೈ ಲೆಕ್ಕ, ಕಾಲು ಲೆಕ್ಕ ಎರಡೂ ಕೂಡಬೇಕು.

ಮೇಷ್ಟ್ರು ಕೊಬ್ಬರಿ ತುಂಬೋ ಖಾಲಿ ಗೋಣಿಚೀಲ ಎರಡು ತರಿಸಿ, ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲೆ ಹಾಸಿ ಕೂತರು. ಎದ್ದರು. ಒಂದು ಮಡಿಕೆ ಬಿಚ್ಚಿಸಿ ಮತ್ತೆ ಕೂತರು. ಆಮೇಲೇ ಶ್ರುತಿ ಹಿಡಿದದ್ದು. ಆದರೆ ಗೋಣಿಚೀಲ ಮೂರು ಗಂಟೆ ಭಾರ ತಡೆದರೆ ಅದುಮಿಕೊಂಡು ಹಪ್ಪಳ ಆಗುತ್ತೆ, ನಮ್ಮ ನಾಟಕವೋ ಬೆಳಗಿನ ತನಕ. ಅದಕ್ಕೆ ಮೂರನೇ ಚೀಲ, ಅದನ್ನು ಹಿಡ್ಕೊಂಡು ಪೆಟ್ಟಿಗೆ ಪಕ್ಕ ಕೂರೋ ಕೆಲಸ ನನಗೆ. ಆಟದ ರಾತ್ರಿ ದುರ್ಯೋಧನನ ಗದ್ಯ ಶುರುವಾದಾಗ ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಬಲಗೈ ಶ್ರುತಿ ಬಿಡದ ಹಾಗೆಯೇ ಅವರು ಅರ್ಧ ಎದ್ದರು, ನಾನು ಚೀಲ ಸರಿಸಿದೆ, ಕೂತರು. ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಆ ಸ್ಟೂಲಿನ ತಿರುಪು ನಾನೇ ಆಗಿದ್ದೆ ಅನ್ನೋ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಕಥೆ ಓದಿದಾಗ ನನಗೆ ಮೇಷ್ಟ್ರೇ ಕಣ್ಣ ಮುಂದೆ ಬಂದದ್ದು. 1953ರಲ್ಲಿ ಅವನಪ್ಪ ಒಂದು ಮಡಚೋ ಕುರ್ಚಿಯ ಕಾಲುಗಳನ್ನು ನಾಲ್ಕು ಅಂಗುಲ ಕೊಯ್ದು, ಒಂದೊಂದು ಕಾಲಿಗೂ ತಿರುಪು ಕೂರಿಸಿ ಕೊಟ್ಟ. ಎತ್ತರ ಹದಿನಾಲ್ಕೇ ಅಂಗುಲ. ಮೆತ್ತೆ ಹರಿದು, ಬರೀ ಮರದ ಚೌಕಟ್ಟು ಉಳಿದರೂ ಅವನು ಅದನ್ನು ಬಿಡಲಿಲ್ಲ, 1982ರಲ್ಲಿ ಸಾಯೋ ತನಕ ಅದರ ಮೇಲೇ ನುಡಿಸಿದ. ಕಿರ್ ಅನ್ನೋ ಅದರ ಸದ್ದು ರೆಕಾರ್ಡುಗಳಲ್ಲೂ ಇದೆ. ಕೆನಡಾದವರು ಆ ಕುರ್ಚೀನ ಜೋಪಾನವಾಗಿ ಇಟ್ಟಿದಾರೆ. ನಮ್ಮ ಸ್ಟೂಲು ಬಚ್ಚಲೊಲೆಗೆ ಹೋಯ್ತು.

ಮೊಮ್ಮಗಳ ಬೆಂಚಿನ ಮೇಲೆ ನಾನೂ ಒಂದು ಗಂಟೆ ಕೂತು ನೋಡಿದೆ ಅನ್ನಿ. ಅಲ್ಲಾಡಲ್ಲ, ಕಿರುಗುಟ್ಟಲ್ಲ, ಕೂದಲೆಳೆಯಷ್ಟು ಬೇಕಾದರೂ ಏರಿಸಬಹುದು. ಮೆತ್ತೆಯ ಗುಂಡಿಗಳು ಮಾತ್ರ ಸ್ವಲ್ಪ ಒತ್ತುತ್ತವೆ. ದೊಡ್ಡ ತಕರಾರು ಅಂದ್ರೆ, ಬೆನ್ನಿಗೆ ಆಸರೆ ಇಲ್ಲ. ಪಿಯಾನೊದವರು ಆ ಕಡೆ ಈ ಕಡೆ ವಾಲಬೇಕು, ಅವರಿಗೆ ಅದು ಬೇಡ. ಮೇಷ್ಟ್ರಿಗೆ ಬೇಕಿತ್ತು. ಶಕುನಿ ಮಾತು ಮುಗಿಯೋ ತನಕ ಒರಗೋದಕ್ಕೆ ಅವರು ಕಂಡುಕೊಂಡಿದ್ದು ಚಪ್ಪರದ ಅಡಿಕೆ ಮರದ ಕಂಬ.

ಹೋದ ವರ್ಷ ಜಾತ್ರೇಲಿ ಕುರುಕ್ಷೇತ್ರ ಆಯ್ತು. ಹೊಸ ಮೇಷ್ಟ್ರು, ಪಕ್ಕದಲ್ಲಿ ಕ್ಯಾಸಿಯೊ ಹುಡುಗ. ಸೀನರಿ ಬಾಡಿಗೆಗೆ ತಂದಿದ್ದರು, ಮೈಕು ಬಾಡಿಗೆಗೆ ತಂದಿದ್ದರು. ಮೇಷ್ಟ್ರು ಕೂತಿದ್ದು ಶಾಮಿಯಾನದವನ ಪ್ಲಾಸ್ಟಿಕ್ ಕುರ್ಚಿ ಮೇಲೆ, ಒಂದರೊಳಗೊಂದು ಎರಡು ಹಾಕಿ. ರಾತ್ರಿ ಒಂದು ಗಂಟೆ ಹೊತ್ತಿಗೆ ಅವರು ಹಿಂದೆ ತಿರುಗಿ ಯಾರನ್ನೋ ಹುಡುಕಿದರು. ನಾನೇ ಎದ್ದು ಹೋಗಿ ಮೂರನೇದು ಕೊಟ್ಟು ಬಂದೆ.